ಸ ಎಲ್ಲಿದೆ, ಮೊದಲು ಅದನ್ನು ಕೇಳಿ

(ಸಂಗೀತದ ಬಗ್ಗೆ ಏನೂ ಗೊತ್ತಿಲ್ಲದವರಿಗಾಗಿ ಮಾಡಿದ ಒಂದು ಉಪನ್ಯಾಸದ ಬರಹ ರೂಪ ಇದು. ಆಡಿದ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. ನುಡಿಸಿ ತೋರಿಸಿದ ಕಡೆ ಮಾತ್ರ ಎರಡು ಸಾಲು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮುಂಚೆ ಒಂದು ಸಣ್ಣ ಪರೀಕ್ಷೆ. ಈ ಕೀಬೋರ್ಡ್‌ನಲ್ಲಿ ಒಂದೇ ಒಂದು ಕೀ ಒತ್ತುತ್ತೇನೆ. ಇದು ಯಾವ ಸ್ವರ, ಹೇಳಿ ನೋಡೋಣ.

ಮುಂದಿನ ಸಾಲಿನಿಂದ 'ಸ' ಅಂತ ಬಂತು. ಈ ಕಡೆಯಿಂದ 'ಪ'. ಹಿಂದೆ ಯಾರೋ 'ಮ' ಅಂದರು. ಮೂವರು ಹೇಳಿದ್ದೂ ಸರಿ. ಹೇಗೆ ಅಂತ ಈಗ ಕೇಳಿಸುತ್ತೇನೆ. ಅದೇ ಕೀಯನ್ನು ಒತ್ತಿ ಹಿಡಿದಿದ್ದೇನೆ. ಆಧಾರದ ಸ್ವರವನ್ನು ಬಿಡದೆ ನುಡಿಸುತ್ತಿರುವ ಶ್ರುತಿ ಪೆಟ್ಟಿಗೆಯನ್ನು ಅದೇ ಎತ್ತರಕ್ಕೆ ಇಟ್ಟೆ. ಎರಡೂ ಬೆರೆತು ಒಂದೇ ಸದ್ದಾಗಿ ಹೋಯಿತು, ಅಲ್ವಾ? ಈಗ ಇದು ಸ. ಶ್ರುತಿಯನ್ನು ಕೆಳಕ್ಕೆ ಇಳಿಸುತ್ತೇನೆ. ಬೆರಳು ಅಲ್ಲಾಡಿಲ್ಲ, ಕೀ ಬದಲಾಗಿಲ್ಲ. ಆದರೂ ಕಿವಿಗೆ ಈಗ ಇದು ಪ. ಶ್ರುತಿಯನ್ನು ಸ್ವಲ್ಪ ಏರಿಸಿದರೆ ಅದೇ ಸದ್ದು ಮ ಆಗುತ್ತದೆ.

ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ. ಒಂದು ಸದ್ದಿಗೆ ತನ್ನದೇ ಹೆಸರು ಇಲ್ಲ. ಅದು ಸ ದಿಂದ ಎಷ್ಟು ದೂರ ನಿಂತಿದೆಯೋ ಅದೇ ಅದರ ಹೆಸರು. ನಮ್ಮ ಹಿರಿಯರು ಆ ಸ ವನ್ನು ಆಧಾರ ಷಡ್ಜ ಅಂತ ಕರೆದರು. ವಾದ್ಯ, ತಾಳ, ಕುಣಿತ, ದೊಡ್ಡ ಸಂಗೀತಗಾರರು, ಯಾವುದರ ಬಗ್ಗೆ ಮಾತಾಡಿದರೂ ಇದು ಮತ್ತೆ ಮತ್ತೆ ಬರುತ್ತದೆ.

ಆ ಸ ಎಷ್ಟು ಎತ್ತರದಲ್ಲಿ ಇರಬೇಕು? ಹಾಡುವವರ ಗಂಟಲಿಗೆ ಎಲ್ಲಿ ಹೊಂದುತ್ತದೋ ಅಲ್ಲಿ. ಹತ್ತಾರು ಜನ ಕೂಡಿ ನುಡಿಸುವ ಪಾಶ್ಚಾತ್ಯ ವಾದ್ಯವೃಂದದಲ್ಲಿ ಹಾಗೆ ಆಗುವುದಿಲ್ಲ. ಎಲ್ಲರೂ ಒಂದು ಅಳತೆಗೆ ಒಪ್ಪಲೇಬೇಕು. ಹಾಗಾಗಿ ಅವರು 'ಎ' ಎನ್ನುವ ಸ್ವರಕ್ಕೆ ಒಂದು ಸಂಖ್ಯೆ ಕಟ್ಟಿದರು. ಅದೂ ಒಂದೇ ಸಲಕ್ಕೆ ನಿಲ್ಲಲಿಲ್ಲ. 1859ರಲ್ಲಿ ಫ್ರಾನ್ಸ್ ಅದನ್ನು ಸೆಕೆಂಡಿಗೆ 435 ಕಂಪನ ಅಂತ ಕಾನೂನು ಮಾಡಿತು. 1939ರಲ್ಲಿ ಲಂಡನ್‌ನಲ್ಲಿ ಸೇರಿದ ಸಭೆ 440ಕ್ಕೆ ಒಪ್ಪಿತು. ಇವತ್ತು ಮೊಬೈಲ್ ಟ್ಯೂನರ್‌ನಲ್ಲಿ ಕಾಣುವ 440 ಅಲ್ಲಿಂದ ಬಂದದ್ದು. ಅದು ಮನುಷ್ಯರು ಕೂತು ಮಾಡಿಕೊಂಡ ಒಪ್ಪಂದ, ಪ್ರಕೃತಿ ಕೊಟ್ಟದ್ದಲ್ಲ.

ಪ್ರಕೃತಿ ಕೊಟ್ಟದ್ದು ದೂರಗಳನ್ನು. ಅದನ್ನು ಒಂದು ತಂತಿಯ ಮೇಲೆ ತೋರಿಸುತ್ತೇನೆ.

ಈ ಹಲಗೆಯ ಮೇಲೆ ಒಂದೇ ತಂತಿ ಇದೆ. ತಂತಿಯನ್ನು ಎತ್ತಿ ಹಿಡಿಯುವ ಎರಡು ಕುದುರೆಗಳ ನಡುವೆ 90 ಸೆಂಟಿಮೀಟರ್. ಸುಮ್ನೆ ಮೀಟಿದರೆ ಬರುವುದು ಸ ಅಂತ ಇಟ್ಟುಕೊಳ್ಳಿ. ಸರಿಯಾಗಿ ಅರ್ಧಕ್ಕೆ, 45ರಲ್ಲಿ ಒತ್ತಿ ಮೀಟಿದರೆ ಮೇಲಿನ ಸ. ಮೂರರಲ್ಲಿ ಎರಡು ಪಾಲು ಬಿಟ್ಟರೆ, ಅಂದರೆ 60 ಸೆಂಟಿಮೀಟರ್ ನುಡಿಯುವಂತೆ ಮಾಡಿದರೆ ಪ. ನಾಲ್ಕರಲ್ಲಿ ಮೂರು ಪಾಲು, 67.5 ಆದರೆ ಮ. ಐದರಲ್ಲಿ ನಾಲ್ಕು ಪಾಲು, 72 ಆದರೆ ಗ. ಕಿವಿಗೆ ಹಿತವಾಗಿರುವ ದೂರಗಳೆಲ್ಲ ಹೀಗೆ ಸಣ್ಣ ಸಣ್ಣ ಅಂಕಿಗಳಲ್ಲೇ ಇವೆ. ಒಂದು, ಎರಡು, ಮೂರು, ನಾಲ್ಕು, ಐದು. ಇದನ್ನು ಮೊದಲ ಸಲ ಅಳೆದು ನೋಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಬರೀ ಚೆನ್ನಾಗಿದೆ ಅಂತ ಕೇಳುತ್ತಿದ್ದದ್ದು ಸ್ಕೇಲಿನಲ್ಲಿ ಅಳೆದರೆ ಕೈಗೆ ಸಿಗುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಈ ಲೆಕ್ಕವನ್ನು ಗ್ರೀಸಿನ ಪೈಥಾಗರಸ್ ಹೆಸರಿನಲ್ಲಿ ಹೇಳುತ್ತಾರೆ. ಕಮ್ಮಾರನ ಅಂಗಡಿಯಲ್ಲಿ ಬೇರೆ ಬೇರೆ ತೂಕದ ಸುತ್ತಿಗೆಗಳ ಸದ್ದು ಕೇಳಿ ಇದು ಹೊಳೆಯಿತು ಅಂತ ಒಂದು ಕಥೆ ಇದೆ. ಕಥೆ ಚೆನ್ನಾಗಿದೆ, ಆದರೆ ನಿಜ ಅಲ್ಲ. ಸುತ್ತಿಗೆಯ ತೂಕ ಎರಡು ಪಟ್ಟು ಆದರೆ ಸದ್ದಿನ ಎತ್ತರ ಅದೇ ಲೆಕ್ಕದಲ್ಲಿ ಬದಲಾಗುವುದಿಲ್ಲ. ತಂತಿಯ ಉದ್ದದಲ್ಲಿ ಮಾತ್ರ ಲೆಕ್ಕ ಕೂಡುತ್ತದೆ. ನೂರಾರು ವರ್ಷ ಪುಸ್ತಕದಿಂದ ಪುಸ್ತಕಕ್ಕೆ ಆ ಕಥೆ ಹಾಗೇ ಬಂತು. ಸಂಗೀತದಲ್ಲಿ ಏನನ್ನೇ ಓದಿದರೂ ಒಂದು ಸಲ ಕೇಳಿ ನೋಡಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ತಂಬೂರಿ. ನಾಲ್ಕು ತಂತಿ. ಮೊದಲನೆಯದು ಪ, ಮಧ್ಯದ ಎರಡು ಸ, ಕೊನೆಯದು ಕೆಳಗಿನ ಸ. ಕುದುರೆಯ ಮೇಲೆ ಪ್ರತಿ ತಂತಿಯ ಅಡಿಯಲ್ಲಿ ಒಂದು ತೆಳ್ಳನೆಯ ದಾರ ಇದೆ ನೋಡಿ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಜರುಗಿಸುತ್ತೇನೆ. ಸದ್ದು ಮೊದಲು ಮಂಕಾಗಿತ್ತು. ಈಗ ಜೇನುಹುಳು ಹಾರಿದ ಹಾಗೆ ಝೇಂಕಾರ ಬಂತು. ದಾರ ಸರಿಯಾದ ಜಾಗಕ್ಕೆ ಬಂದಾಗ ತಂತಿ ಕುದುರೆಯ ಇಳಿಜಾರನ್ನು ಮೆಲ್ಲಗೆ ಸವರಿಕೊಂಡು ಕಂಪಿಸುತ್ತದೆ. ಅದರೊಳಗೆ ಅಡಗಿದ್ದ ಮೇಲಿನ ಸ್ವರಗಳೆಲ್ಲ ಹೊರಗೆ ಬರುತ್ತವೆ.

ಈಗ ಎಲ್ಲರೂ ಒಂದು ನಿಮಿಷ ಕಣ್ಣು ಮುಚ್ಚಿ. ಕೊನೆಯ ತಂತಿಯನ್ನು ಮಾತ್ರ ಮೀಟುತ್ತೇನೆ. ಸದ್ದು ಕರಗುವಾಗ ಅದರ ಬಾಲದಲ್ಲಿ ಏನಿದೆ ಕೇಳಿ. ಮೀಟಿದ್ದು ಸ. ಆದರೆ ಒಳಗಿನಿಂದ ಇನ್ನೊಂದು ಸ್ವರ ಹೊಮ್ಮುತ್ತಿದೆ. ಅದು ಗಾಂಧಾರ, ಅಂದರೆ ಗ. ನಾಲ್ಕು ತಂತಿಗಳಲ್ಲಿ ಯಾವುದನ್ನೂ ಗ ಕ್ಕೆ ಕಟ್ಟಿಲ್ಲ. ತಂತಿ ಇಡಿಯಾಗಿ ಅಲ್ಲಾಡುವ ಜೊತೆಗೇ ಎರಡು, ಮೂರು, ನಾಲ್ಕು, ಐದು ತುಂಡಾಗಿಯೂ ಅಲ್ಲಾಡುತ್ತದೆ. ಆ ಐದನೇ ಪಾಲಿನ ಸದ್ದೇ ಈ ಗ. ತಾನಾಗಿ ಹುಟ್ಟುವುದರಿಂದ ಇದಕ್ಕೆ ಸ್ವಯಂಭೂ ಗಾಂಧಾರ ಅಂತ ಹೆಸರು. ಕೆಲವರಿಗೆ ತಕ್ಷಣ ಕೇಳಿಸುತ್ತದೆ. ಕೆಲವರಿಗೆ ವಾರಗಟ್ಟಲೆ ಹಿಡಿಯುತ್ತದೆ. ಒಮ್ಮೆ ಕೇಳಿಸಿತು ಅಂದರೆ ಆಮೇಲೆ ಕೇಳಿಸದೆ ಇರುವುದೇ ಇಲ್ಲ.

ಇಲ್ಲಿ ಒಂದು ತೊಡಕು ಇದೆ. ಅದನ್ನು ಹೇಳದಿದ್ದರೆ ಶಾಸ್ತ್ರ ಅರ್ಧ ಹೇಳಿದ ಹಾಗೆ.

ಸ ದಿಂದ ಪ ಕ್ಕೆ ಹೋಗಿ. ಆ ಪ ವನ್ನೇ ಸ ಅಂತ ಇಟ್ಟುಕೊಂಡು ಅದರ ಪ ಕ್ಕೆ ಹೋಗಿ. ಹೀಗೆ 12 ಸಲ ಹತ್ತಿದರೆ 12 ಸ್ವರಸ್ಥಾನಗಳೂ ಸಿಕ್ಕಿ, ಕೊನೆಗೆ ಏಳು ಸ್ಥಾಯಿ (ಒಂದು ಸ ದಿಂದ ಮುಂದಿನ ಸ ವರೆಗಿನ ದೂರವೇ ಸ್ಥಾಯಿ) ಮೇಲಿನ ಸ ಕ್ಕೆ ಬಂದು ನಿಲ್ಲಬೇಕು. ನಿಲ್ಲುವುದಿಲ್ಲ! ಒಂದೂವರೆಯನ್ನು 12 ಸಲ ಗುಣಿಸಿದರೆ 129.75 ಹತ್ತಿರ ಬರುತ್ತದೆ. ಎರಡನ್ನು ಏಳು ಸಲ ಗುಣಿಸಿದರೆ 128. ನೂರಕ್ಕೆ ಒಂದೂ ಕಾಲು ಪಾಲಿಗಿಂತ ಸ್ವಲ್ಪ ಜಾಸ್ತಿ ಮಿಕ್ಕುತ್ತದೆ. ಆ ಮಿಕ್ಕ ಚೂರನ್ನು ಎಲ್ಲಿ ಬಚ್ಚಿಡುವುದು ಅನ್ನುವುದೇ ವಾದ್ಯ ಮಾಡುವವರಿಗೆ ನೂರಾರು ವರ್ಷಗಳ ತಲೆನೋವು.

ಚೀನಾದ ರಾಜಕುಮಾರ ಝು ಝೈಯು 1584ರಲ್ಲಿ ಒಂದು ದಾರಿ ಲೆಕ್ಕ ಹಾಕಿ ತೋರಿಸಿದ. ಆ ಚೂರನ್ನು 12 ಮೆಟ್ಟಿಲುಗಳಿಗೂ ಸಮನಾಗಿ ಹಂಚಿಬಿಡುವುದು. ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ 1.0595 ಪಟ್ಟು ಎತ್ತರ. ಇವತ್ತಿನ ಕೀಬೋರ್ಡ್‌ಗಳೆಲ್ಲ ಹೀಗೇ ಇರುವುದು. ಇದರಿಂದ ಯಾವ ಕೀಯಿಂದ ಶುರು ಮಾಡಿದರೂ ದೂರಗಳು ಒಂದೇ ಥರ ಇರುತ್ತವೆ. ಅದಕ್ಕೆ ಕೊಟ್ಟ ಬೆಲೆ ಏನು? ಸ ಸೆಕೆಂಡಿಗೆ 240 ಕಂಪನ ಅಂತಿಟ್ಟುಕೊಂಡರೆ, ತಂಬೂರಿಯ ಲೆಕ್ಕದಲ್ಲಿ ಗ 300. ಕೀಬೋರ್ಡ್ ಲೆಕ್ಕದಲ್ಲಿ 302.4. ಎರಡನ್ನೂ ಒಟ್ಟಿಗೆ ನುಡಿಸುತ್ತೇನೆ, ಕೇಳಿ. ಸದ್ದು ವಾಂ-ವಾಂ ಅಂತ ತೂಗಾಡುತ್ತಿದೆ. ಆ ತೂಗಾಟವೇ ಎರಡು ಗ ಗಳ ನಡುವಿನ ಜಗಳ. ಕೀಬೋರ್ಡ್ ಜೊತೆ ಮಾತ್ರ ಅಭ್ಯಾಸ ಮಾಡಿದ ಮಕ್ಕಳು ತಂಬೂರಿ ಮುಂದೆ ಕೂತಾಗ ಗ ಸ್ವಲ್ಪ ಮೇಲೆ ಹೋಗುವುದು ಇದಕ್ಕೇ. ಮಗುವಿನ ತಪ್ಪಲ್ಲ ಅದು.

ಭಾರತದಲ್ಲಿ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧ ಮಾಡಿತ್ತು. 1971ರವರೆಗೂ ಅದು ನಡೆಯಿತು. ಕೀ ಇಟ್ಟ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಬರುವುದಿಲ್ಲ, ಸ್ವರಗಳು ನಮ್ಮ ಜಾಗದಲ್ಲಿ ಇಲ್ಲ ಅನ್ನುವುದು ಆಕ್ಷೇಪ. ಆಕ್ಷೇಪ ಸರಿಯೇ. ಆದರೆ ನಿಷೇಧ ಸರಿ ಅಂತ ನನಗೆ ಅನ್ನಿಸುವುದಿಲ್ಲ. ಆ ಪೆಟ್ಟಿಗೆಯ ಮುಂದೆ ಕೂತು ಲಕ್ಷಾಂತರ ಜನ ಹಾಡಲು ಕಲಿತಿದ್ದಾರೆ.

ಸರಿ, 12 ಜಾಗ ಸಿಕ್ಕವು. ಅದರಲ್ಲಿ ಏಳನ್ನು ಆರಿಸಿಕೊಳ್ಳಬೇಕು. ಎಷ್ಟು ಥರ ಆರಿಸಬಹುದು? ಸ ಮತ್ತು ಪ ಅಲ್ಲಾಡುವುದಿಲ್ಲ. ಮ ಕ್ಕೆ ಎರಡು ಜಾಗ. ಸ ಮತ್ತು ಮ ನಡುವೆ ನಾಲ್ಕು ಜಾಗ ಇವೆ, ಅದರಲ್ಲಿ ರಿ ಒಂದು, ಗ ಒಂದು ತೆಗೆದುಕೊಳ್ಳಬೇಕು. ಅದು ಆರು ಥರ ಆಗುತ್ತದೆ. ಪ ದಿಂದ ಮೇಲಿನ ಸ ವರೆಗೂ ಹಾಗೇ, ದ ಮತ್ತು ನಿ ಗೆ ಆರು ಥರ. ಎರಡು ಗುಣಿಸು ಆರು ಗುಣಿಸು ಆರು, 72. ಕರ್ನಾಟಕ ಸಂಗೀತದ ಮೂಲ ರಾಗಗಳಾದ 72 ಮೇಳಕರ್ತ ಅಂದರೆ ಇದೇ. 17ನೇ ಶತಮಾನದಲ್ಲಿ ಸಂಗೀತ ಶಾಸ್ತ್ರಕಾರ ವೆಂಕಟಮಖಿ ಕೂತು ಹಾಕಿದ ಲೆಕ್ಕ. 72 ಅನ್ನುವ ಸಂಖ್ಯೆ ಕೇಳಿ ಹೆದರುವವರು ತುಂಬಾ ಜನ. ಅದು ಎಲ್ಲಿಂದ ಬಂತು ಅಂತ ಗೊತ್ತಾದರೆ ಹೆದರಿಕೆ ಹೋಗುತ್ತದೆ.

ಆ 72ರಲ್ಲಿ ಒಂದನ್ನು ಮಾತ್ರ ಹತ್ತಿರದಿಂದ ನೋಡೋಣ, ಮಾಯಾಮಾಳವಗೌಳ. ಹೊಸಬರಿಗೆ ಮೊದಲ ಸ್ವರಾಭ್ಯಾಸವಾದ ಸರಳೆವರಸೆಯನ್ನು ಇದರಲ್ಲೇ ಹೇಳಿಕೊಡುತ್ತಾರೆ. ಆ ಪಾಠದ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಅಂತ ಪರಂಪರೆ ನಂಬುತ್ತದೆ. ಇದೇ ಯಾಕೆ? ಮೆಟ್ಟಿಲು ಎಣಿಸಿ ನೋಡಿ. ಸ ದಿಂದ ರಿ ಗೆ ಒಂದು, ರಿ ಯಿಂದ ಗ ಕ್ಕೆ ಮೂರು, ಗ ದಿಂದ ಮ ಕ್ಕೆ ಒಂದು. ಈಗ ಮೇಲಿನ ಅರ್ಧ. ಪ ದಿಂದ ದ ಕ್ಕೆ ಒಂದು, ದ ದಿಂದ ನಿ ಗೆ ಮೂರು, ನಿ ಯಿಂದ ಸ ಕ್ಕೆ ಒಂದು. ಕೆಳಗೆ ಕಲಿತದ್ದನ್ನೇ ಮೇಲೆ ಇನ್ನೊಂದು ಸಲ ಹೇಳಿದರೆ ಆಯಿತು. ಚಿಕ್ಕ ಹೆಜ್ಜೆಯೂ ಇದೆ, ದೊಡ್ಡ ಜಿಗಿತವೂ ಇದೆ. ಎರಡು ದೂರ ಗಂಟಲಿಗೆ ಬಂತು ಅಂದರೆ ಇಡೀ ಸ್ಥಾಯಿ ಬಂತು. ಪಾಠ ಹೇಳುವವರಾಗಿ ನಾನು ಇದಕ್ಕಿಂತ ಜಾಣ ಮೊದಲ ಪಾಠವನ್ನು ನೋಡಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಆಟ. ಮನೆಯಲ್ಲಿ ಕೀಬೋರ್ಡ್ ಇದ್ದವರು ಇವತ್ತೇ ಆಡಿ ನೋಡಬಹುದು. ಕಪ್ಪು ಕೀಗಳು ಮೂರರ ಗುಂಪು, ಎರಡರ ಗುಂಪು ಅಂತ ಇವೆ. ಒಂದು ಸ್ಥಾಯಿಗೆ ಒಟ್ಟು ಐದು. ಬಿಳಿ ಮುಟ್ಟಬೇಡಿ. ಮೂರರ ಗುಂಪಿನ ಮೊದಲ ಕೀಯನ್ನು ಸ ಅಂತ ಹಿಡಿದು ಐದನ್ನೂ ಏರುತ್ತಾ ಹೋಗಿ. ಅದು ಮೋಹನ ರಾಗ. ಹಿಂದೂಸ್ತಾನಿಯವರಿಗೆ ಭೂಪ್. ಚೀನಾದ ಹಾಡುಗಳಲ್ಲೂ ಸ್ಕಾಟ್ಲೆಂಡಿನ ಜನಪದದಲ್ಲೂ ಇದೇ ಐದು ಸ್ವರ ಸಿಗುತ್ತವೆ. ಈಗ ಅದೇ ಗುಂಪಿನ ಎರಡನೇ ಕೀಯನ್ನು ಸ ಮಾಡಿಕೊಳ್ಳಿ. ಅದೇ ಐದು ಕೀ, ಬಂದದ್ದು ಮಧ್ಯಮಾವತಿ. ಮೂರನೆಯದನ್ನು ಸ ಮಾಡಿದರೆ ಹಿಂದೋಳ. ಎರಡರ ಗುಂಪಿನ ಮೊದಲನೆಯದರಿಂದ ಶುದ್ಧ ಸಾವೇರಿ, ಎರಡನೆಯದರಿಂದ ಶುದ್ಧ ಧನ್ಯಾಸಿ. ಇದಕ್ಕೆ ಗ್ರಹಭೇದ ಅನ್ನುತ್ತಾರೆ.

(ಇಲ್ಲಿ ಐದನ್ನೂ ಒಂದರ ಹಿಂದೆ ಒಂದು ನುಡಿಸಿದೆ. ಪ್ರತಿ ಸಲ ಶ್ರುತಿಯನ್ನು ಆಯಾ ಕೀಗೆ ಬದಲಾಯಿಸಿಕೊಂಡೆ. ಹಿಂದೋಳಕ್ಕೆ ಬಂದಾಗ ಸಭೆ ಇದ್ದಕ್ಕಿದ್ದ ಹಾಗೆ ಸುಮ್ಮನಾಯಿತು.)

ಒಂದು ಕೀಯೂ ಹೊಸದಾಗಿ ಸೇರಿಲ್ಲ, ಒಂದೂ ಬಿಟ್ಟು ಹೋಗಿಲ್ಲ. ಮೋಹನದ ಬೆಳಕು ಹೋಗಿ ಹಿಂದೋಳದ ಗಾಂಭೀರ್ಯ ಬಂತು. ಬದಲಾದದ್ದು ಸ ಎಲ್ಲಿದೆ ಅನ್ನುವುದೊಂದೇ. ರಾಗ ಅಂದರೆ ಬರೀ ಏರಿಳಿತವಲ್ಲ, ಅದಕ್ಕೆ ಗಮಕ ಬೇಕು, ನಡೆ ಬೇಕು, ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಿರಬೇಕು. ಆದರೂ ಮೊದಲ ಬೀಗ ತೆಗೆಯುವುದು ಇಲ್ಲೇ.

ವಾದ್ಯಗಳಿಗೆ ಬರೋಣ. ನಾಟ್ಯಶಾಸ್ತ್ರ ವಾದ್ಯಗಳನ್ನು ನಾಲ್ಕು ಥರ ಮಾಡುತ್ತದೆ. ತಂತಿಯದ್ದು, ಊದುವುದು, ಚರ್ಮದ್ದು, ತಾಳದ ಹಾಗೆ ಗಟ್ಟಿ ವಸ್ತುವನ್ನು ತಟ್ಟುವುದು. ಏನು ಅಲ್ಲಾಡಿ ಸದ್ದು ಬರುತ್ತಿದೆ ಅನ್ನುವುದನ್ನು ನೋಡಿ ಮಾಡಿದ ವಿಂಗಡಣೆ ಇದು. 1914ರಲ್ಲಿ ಹಾರ್ನ್‌ಬೋಸ್ಟೆಲ್ ಮತ್ತು ಜಾಕ್ಸ್ ಯುರೋಪಿನಲ್ಲಿ ಮಾಡಿದ, ಇವತ್ತಿಗೂ ವಸ್ತುಸಂಗ್ರಹಾಲಯಗಳು ಬಳಸುವ ವಿಂಗಡಣೆಯೂ ಹೆಚ್ಚುಕಡಿಮೆ ಇದೇ ದಾರಿಯದ್ದು. ಮನುಷ್ಯ ಎಷ್ಟು ಹಿಂದಿನಿಂದ ನುಡಿಸುತ್ತಿದ್ದಾನೆ ಅಂದರೆ, ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ 2008ರಲ್ಲಿ ರಣಹದ್ದಿನ ರೆಕ್ಕೆಯ ಮೂಳೆಯಿಂದ ಮಾಡಿದ ಕೊಳಲು ಸಿಕ್ಕಿತು. 35 ಸಾವಿರ ವರ್ಷಕ್ಕೂ ಹಳೆಯದು. ಬೆರಳು ಇಡುವ ತೂತುಗಳನ್ನು ನೋಡಿಕೊಂಡೇ ಕೊರೆದಿದ್ದಾರೆ. ಅಂದರೆ ಆಗಲೇ ಯಾರೋ ದೂರಗಳನ್ನು ಕೇಳಿಸಿಕೊಂಡಿದ್ದರು.

ಎಲ್ಲ ವಾದ್ಯದ ಬಗ್ಗೆಯೂ ಹೇಳುತ್ತಾ ಕೂರುವುದಿಲ್ಲ. ಮೃದಂಗದ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ.

ಸಾಮಾನ್ಯ ಡೋಲು ಬಾರಿಸಿದರೆ ಡಬ್ ಅನ್ನುತ್ತದೆ. ಅದರ ಜೊತೆ ಹಾಡಬಹುದಾದ ಸ್ವರ ಸಿಗುವುದಿಲ್ಲ. ಯಾಕೆ ಅಂದರೆ ಚರ್ಮ ಅಲ್ಲಾಡುವಾಗ ಒಳಗಿನಿಂದ ಬರುವ ಮೇಲಿನ ಸದ್ದುಗಳು ತಂತಿಯ ಹಾಗೆ ಎರಡು ಪಟ್ಟು, ಮೂರು ಪಟ್ಟು ಇರುವುದಿಲ್ಲ. ಮೊದಲನೆಯದರ 1.59 ಪಟ್ಟು, 2.14 ಪಟ್ಟು, ಹೀಗೆ ಅಡ್ಡಾದಿಡ್ಡಿ ಇರುತ್ತವೆ. ಈಗ ಮೃದಂಗದ ಬಲಗಡೆ ನೋಡಿ. ನಡುವೆ ಕಪ್ಪಗೆ ಗುಂಡಗೆ ಕರಣೆ ಅನ್ನುವ ಲೇಪ ಇದೆ. ಪದರದ ಮೇಲೆ ಪದರ ಹಚ್ಚಿ, ಪ್ರತಿ ಪದರವನ್ನೂ ಕಲ್ಲಿನಿಂದ ಉಜ್ಜಿ ಕೂಡಿಸಿದ್ದು. ನಡುವೆ ದಪ್ಪ, ಅಂಚಿಗೆ ತೆಳು. ಆ ಭಾರ ನಡುವೆ ಕೂತದ್ದರಿಂದ ಅಡ್ಡಾದಿಡ್ಡಿ ಸದ್ದುಗಳು ಸಾಲಾಗಿ ಎರಡು, ಮೂರು, ನಾಲ್ಕು, ಐದು ಪಟ್ಟಿಗೆ ಬಂದು ನಿಂತವು. ಸಿ.ವಿ. ರಾಮನ್ ಇದನ್ನು ಅಳೆದು 1920ರಲ್ಲೇ ಬರೆದರು. ಅವರಿಗೆ ನೊಬೆಲ್ ಬರುವುದಕ್ಕೆ ಹತ್ತು ವರ್ಷ ಮುಂಚೆ. ಆದರೆ ರಾಮನ್ ಅಳೆಯುವ ಎಷ್ಟೋ ಕಾಲ ಮೊದಲೇ, ಯಾವ ಉಪಕರಣವೂ ಇಲ್ಲದೆ, ಹೆಸರು ಗೊತ್ತಿಲ್ಲದ ಕುಶಲಕರ್ಮಿಗಳು ಬರೀ ಕಿವಿಯಿಂದ ಇದನ್ನು ಮಾಡಿದ್ದರು. ಹಚ್ಚಿ, ಒಣಗಿಸಿ, ಬಾರಿಸಿ, ಕೇಳಿ, ಮತ್ತೆ ಹಚ್ಚಿ. ಅದರ ಫಲವಾಗಿ ಚರ್ಮಕ್ಕೂ ಒಂದು ಸ ಬಂತು. ಕಛೇರಿಗೆ ಮುಂಚೆ ಮೃದಂಗದವರು ಅಂಚಿಗೆ ಕಲ್ಲಿನಿಂದ ಟಕ್ ಟಕ್ ತಟ್ಟುತ್ತಾ ತಂಬೂರಿಗೆ ಕಿವಿ ಕೊಡುತ್ತಾರಲ್ಲ, ಅವರು ಆ ಸ ವನ್ನೇ ಹುಡುಕುತ್ತಿರುತ್ತಾರೆ.

ವಯಲಿನ್ ಕಥೆ ಬೇರೆ. ಇಟಲಿಯಲ್ಲಿ ರೂಪ ಪಡೆದ ವಾದ್ಯ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ಕರ್ನಾಟಕ ಸಂಗೀತಕ್ಕೆ ಬಂತು. ಅಲ್ಲಿ ಅದರ ನಾಲ್ಕು ತಂತಿಗಳಿಗೆ ನಾಲ್ಕು ಬೇರೆ ಬೇರೆ ಹೆಸರಿನ ಸ್ವರ. ಇಲ್ಲಿ ಸ ಪ ಸ ಪ ಅಂತ ಕಟ್ಟಿದರು. ಭುಜದ ಮೇಲಿದ್ದದ್ದು ನೆಲಕ್ಕೆ ಬಂತು. ತುದಿ ಬಲಗಾಲಿನ ಹಿಮ್ಮಡಿಯ ಹತ್ತಿರ ಊರಿತು. ಎಡಗೈಗೆ ವಾದ್ಯ ಹಿಡಿಯುವ ಕೆಲಸ ತಪ್ಪಿತು. ಅದಕ್ಕೇ ಅದು ಇಷ್ಟು ಸಲೀಸಾಗಿ ಗಮಕದಲ್ಲಿ ಜಾರುತ್ತದೆ. ಮೈಸೂರು ಟಿ. ಚೌಡಯ್ಯನವರು ಇನ್ನೂ ಮುಂದೆ ಹೋದರು. ಮೈಕ್ ಇಲ್ಲದ ಕಾಲ. ಹಿಂದಿನ ಸಾಲಿಗೆ ಕೇಳಿಸಬೇಕು. ತಂತಿಗಳಿಗೆ ಜೋಡಿ ತಂತಿ ಸೇರಿಸಿ ನಾಲ್ಕನ್ನು ಏಳು ಮಾಡಿದರು. ಒಂದೇ ಎಳೆತಕ್ಕೆ ಎರಡು ತಂತಿ ನುಡಿಯಬೇಕು, ಎರಡೂ ಕೂದಲೆಳೆಯಷ್ಟೂ ತಪ್ಪದೆ ಶ್ರುತಿಯಲ್ಲಿರಬೇಕು. ಅದು ಎಷ್ಟು ಕಷ್ಟ ಅಂತ ವಯಲಿನ್ ಹಿಡಿದವರಿಗೆ ಗೊತ್ತು. ಸ್ಯಾಕ್ಸಫೋನ್ ಕೂಡ ಹಾಗೇ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ, ಬ್ಯಾಂಡಿನವರ ವಾದ್ಯ. ಕದ್ರಿ ಗೋಪಾಲನಾಥರು ಅದರಿಂದ ಕಲ್ಯಾಣಿ, ತೋಡಿ ತೆಗೆದು ತೋರಿಸಿದರು. ವಾದ್ಯಕ್ಕೆ ಊರಿಲ್ಲ. ಅದರ ಸ ವನ್ನು ಎಲ್ಲಿ ಇಡುತ್ತೇವೋ ಅಲ್ಲಿಯದಾಗುತ್ತದೆ.

ಇನ್ನು ತಾಳ. ತಾಳದಲ್ಲೂ ಒಂದು ಸ ಇದೆ. ಹಿಂದೂಸ್ತಾನಿಯವರು ಅದನ್ನು ಸಮ್ ಅನ್ನುತ್ತಾರೆ, ಸುತ್ತಿನ ಮೊದಲ ಪೆಟ್ಟು. ಉಳಿದ ಪೆಟ್ಟುಗಳೆಲ್ಲ ಅದರಿಂದ ಎಷ್ಟು ದೂರ ಅನ್ನುವುದರಿಂದಲೇ ಅರ್ಥ ಪಡೆಯುತ್ತವೆ. ಆದಿತಾಳದಲ್ಲಿ ಎಂಟು ಎಣಿಕೆ. ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಪೆಟ್ಟು-ಹುಸಿ, ಪೆಟ್ಟು-ಹುಸಿ (ಹುಸಿ ಅಂದರೆ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದು). ಮಿಶ್ರಚಾಪು ಏಳು, ತಕಿಟ ತಕದಿಮಿ. ಖಂಡಚಾಪು ಐದು, ತಕ ತಕಿಟ. ಬಾಯಲ್ಲಿ ಹೇಳಿಕೊಳ್ಳಿ, ಎಣಿಸಬೇಡಿ. ಎಣಿಸುವವರಿಗೆ ತಾಳ ತಪ್ಪುತ್ತದೆ, ಹೇಳುವವರಿಗೆ ತಪ್ಪುವುದು ಕಮ್ಮಿ.

ಒಂದನ್ನು ಎಲ್ಲರೂ ಸೇರಿ ಮಾಡೋಣ. ಹಿಂದೂಸ್ತಾನಿಯ ತೀನ್‌ತಾಲ್, 16 ಮಾತ್ರೆ, ಅಂದರೆ 16 ಎಣಿಕೆ. ನೀವು ಸಣ್ಣಗೆ ಚಪ್ಪಾಳೆ ಹಾಕುತ್ತಾ ಇರಿ. ನಾನು ಹೇಳುತ್ತೇನೆ: ತಿಟ, ಕತ, ಗದಿ, ಗನ, ಧಾ. ಐದು ಮಾತ್ರೆ ಆಯಿತು. ಒಂದು ಬಿಡುವು. ಮತ್ತೆ ಅದೇ ಐದು. ಒಂದು ಬಿಡುವು. ಮತ್ತೆ ಐದು. ಕೂಡಿಸಿ ನೋಡಿ: 5, 1, 5, 1, 5. ಒಟ್ಟು 17. ಸುತ್ತು ಇರುವುದು 16. ಅಂದರೆ ಕೊನೆಯ ಧಾ ಮುಂದಿನ ಸುತ್ತಿನ ಮೊದಲ ಪೆಟ್ಟಿನ ಮೇಲೆ ಸರಿಯಾಗಿ ಬಂದು ಬಿತ್ತು! ಇದಕ್ಕೆ ತಿಹಾಯಿ ಅನ್ನುತ್ತಾರೆ. ಮೊದಲ ಎರಡು ಧಾ ಬೇರೆಲ್ಲೋ ಬಿದ್ದವು. ಆಗ ನಿಮಗೆ ಇನ್ನೂ ಬರಬೇಕು, ಇನ್ನೂ ಬರಬೇಕು ಅನ್ನಿಸಿತು. ಮೂರನೆಯದು ಬಿದ್ದಾಗ ಎಲ್ಲರೂ 'ಆಹಾ' ಅಂದಿರಿ. ನಾನು ಹೇಳಿಕೊಟ್ಟಿರಲಿಲ್ಲ.

ಕುಣಿತವನ್ನು ಬೇರೆ ವಿಷಯ ಅಂತ ನೋಡುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕಥಕ್ ಕಲಾವಿದರು ಮೊದಲು ಬೋಲುಗಳನ್ನು, ಅಂದರೆ ತಾಳದ ಸೊಲ್ಲುಗಳನ್ನು, ಬಾಯಲ್ಲಿ ಹೇಳಿ, ಆಮೇಲೆ ಅದನ್ನೇ ಗೆಜ್ಜೆಯಲ್ಲಿ ಹೇಳುತ್ತಾರೆ. ಈಗ ನಾವು ಮಾಡಿದ ತಿಹಾಯಿ ಅಲ್ಲಿ ಮೂರು ಗಿರಕಿಯಾಗುತ್ತದೆ. ಕೊನೆಯ ಧಾ ಕ್ಕೆ ಪಾದ ನೆಲಕ್ಕೆ ಬಿದ್ದು ಮೈ ಕಲ್ಲಿನ ಹಾಗೆ ನಿಲ್ಲುತ್ತದೆ. ಭರತನಾಟ್ಯದ ಮೊದಲ ಪಾಠ ತಟ್ಟಡವು. ಅರೆಮಂಡಿಯಲ್ಲಿ, ಅಂದರೆ ಮೊಣಕಾಲು ಅರ್ಧ ಬಗ್ಗಿಸಿ ನಿಂತು, ತೈಯ ತೈ ಅಂತ ನೆಲ ತಟ್ಟುವುದು, ಮೊದಲು ನಿಧಾನಕ್ಕೆ, ಆಮೇಲೆ ಅದರ ಎರಡರಷ್ಟು, ಆಮೇಲೆ ನಾಲ್ಕರಷ್ಟು ವೇಗದಲ್ಲಿ. ಮಕ್ಕಳಿಗೆ ಭಾಗಾಕಾರ ಬರುವುದಕ್ಕೆ ಮುಂಚೆ ಕಾಲಿಗೆ ಬಂದಿರುತ್ತದೆ. ಯುರೋಪಿನ ಜೋಡಿ ಕುಣಿತ ವಾಲ್ಟ್ಸ್‌ನಲ್ಲಿ ಮೂರು ಎಣಿಕೆ, ಮೊದಲನೆಯದಕ್ಕೆ ಮೈಭಾರ ಇಳಿಯುತ್ತದೆ. ಸ್ಪೇನಿನ ಫ್ಲಮೆಂಕೊದ ಸೊಲೆಯಾ ಥರದ ಕುಣಿತದಲ್ಲಿ 12 ಎಣಿಕೆ. ಒತ್ತು ಬೀಳುವುದು 3, 6, 8, 10, 12ರ ಮೇಲೆ. ಅಂದರೆ ಮೂರು, ಮೂರು, ಎರಡು, ಎರಡು, ಎರಡು. ನಮ್ಮ ತಕಿಟ ತಕಿಟ ತಕ ತಕ ತಕ. ಹೇಳಿಕೊಂಡು ನೋಡಿ, ಕಾಲು ತಾನಾಗಿ ಅಲ್ಲಾಡುತ್ತದೆ.

ತಾಳ ಹಿಡಿಯುವುದು ಎಷ್ಟು ಮೈಮೇಲಿನ ಕೆಲಸ ಅಂತ ಹೇಳಲು ಒಂದು ನೋವಿನ ಕಥೆ ಇದೆ. ಫ್ರಾನ್ಸಿನ ದೊರೆ 14ನೇ ಲೂಯಿಯ ಆಸ್ಥಾನ ಸಂಗೀತಗಾರ ಲುಲ್ಲಿ. ಆ ದೊರೆ ತಾನೇ ಒಳ್ಳೆ ನರ್ತಕ, 1661ರಲ್ಲಿ ನೃತ್ಯಕ್ಕೆಂದೇ ಅಕಾಡೆಮಿ ಶುರು ಮಾಡಿದವನು. ಆಗ ವಾದ್ಯವೃಂದಕ್ಕೆ ತಾಳ ಹಾಕಲು ಉದ್ದನೆಯ ಕೋಲಿನಿಂದ ನೆಲ ಕುಟ್ಟುತ್ತಿದ್ದರು. 1687ರಲ್ಲಿ ಲುಲ್ಲಿ ಹಾಗೆ ಕುಟ್ಟುವಾಗ ಕೋಲು ತನ್ನ ಪಾದಕ್ಕೇ ಬಿತ್ತು. ಗಾಯ ಕೊಳೆಯಿತು. ಕಾಲು ಕತ್ತರಿಸಲು ಆತ ಒಪ್ಪಲಿಲ್ಲ. ಅದರಲ್ಲೇ ತೀರಿಕೊಂಡ. ಕುಣಿಯುವ ಕಾಲನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸು ಬಂದಿರಲಿಕ್ಕಿಲ್ಲ.

ದೊಡ್ಡ ಸಂಗೀತಗಾರರ ಹೆಸರು ಹೇಳುತ್ತಾ ಹೋದರೆ ರಾತ್ರಿ ಸಾಲದು. ನನ್ನ ಮನಸ್ಸಿನಲ್ಲಿ ಉಳಿದ ನಾಲ್ಕು ಜನರನ್ನು ಮಾತ್ರ ಹೇಳುತ್ತೇನೆ.

ಜಾಂಗೊ ರೈನ್‌ಹಾರ್ಟ್, ಗಿಟಾರ್ ವಾದಕ. 1928ರಲ್ಲಿ ಅವನ ಬಂಡಿಗೆ ಬೆಂಕಿ ಬಿತ್ತು. ಎಡಗೈಯ ಕೊನೆಯ ಎರಡು ಬೆರಳು ಸುಟ್ಟು ಸೆಟೆದುಕೊಂಡವು. ಉಳಿದ ಎರಡು ಬೆರಳಿನಲ್ಲಿ ತಂತಿಯ ಮೇಲಿನ ದೂರಗಳನ್ನೆಲ್ಲ ಹೊಸದಾಗಿ ಕಲಿತ. ಯುರೋಪಿನ ಜಾಸ್‌ನಲ್ಲಿ ಅವನಂಥವರು ಇಲ್ಲ ಅನ್ನಿಸುವಷ್ಟು ನುಡಿಸಿದ. ಗದಗಿನ ಪುಟ್ಟರಾಜ ಗವಾಯಿಗಳು ಎಳವೆಯಲ್ಲೇ ಕಣ್ಣು ಕಳೆದುಕೊಂಡರು. ಹಿಂದೂಸ್ತಾನಿ, ಕರ್ನಾಟಕ ಎರಡನ್ನೂ ಕಲಿತರು. ಹಾರ್ಮೋನಿಯಂ, ತಬಲಾ, ವಯಲಿನ್ ಎಲ್ಲ ನುಡಿಸಿದರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸ್ವರ ಕೊಟ್ಟರು. ಸ್ಕಾಟ್ಲೆಂಡಿನ ಎವೆಲಿನ್ ಗ್ಲೆನಿ ತಾಳವಾದ್ಯ ನುಡಿಸುತ್ತಾರೆ. 12ನೇ ವಯಸ್ಸಿಗೆ ಅವರ ಕಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ವೇದಿಕೆಯ ಮೇಲೆ ಬರಿಗಾಲಲ್ಲಿ ನಿಂತು ನೆಲದ ಕಂಪನವನ್ನು ಪಾದದಿಂದ ಕೇಳುತ್ತಾರೆ.

ಮತ್ತೆ ಜರ್ಮನಿಯಲ್ಲಿ ಹುಟ್ಟಿದ ಸಂಗೀತ ರಚನಕಾರ ಬೀಥೋವನ್. ಮೂವತ್ತರ ಒಳಗೇ ಅವನ ಕಿವಿ ಹೋಗಲು ಶುರುವಾಯಿತು. 1802ರಲ್ಲಿ ತಮ್ಮಂದಿರಿಗೆ ಬರೆದ, ಆದರೆ ಕಳಿಸದೆ ಇಟ್ಟುಕೊಂಡ ಪತ್ರದಲ್ಲಿ ಆ ಸಂಕಟ ತೋಡಿಕೊಂಡಿದ್ದಾನೆ. ಒಂಬತ್ತನೇ ಸಿಂಫನಿ ವಿಯೆನ್ನಾದಲ್ಲಿ ಮೊದಲ ಸಲ ನಡೆದದ್ದು 1824ರ ಮೇ 7ರಂದು. ಆ ಹೊತ್ತಿಗೆ ಅವನಿಗೆ ಬಹುತೇಕ ಏನೂ ಕೇಳುತ್ತಿರಲಿಲ್ಲ. ಸಭೆಗೆ ಬೆನ್ನು ಹಾಕಿ ನಿಂತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಹಾಡುಗಾರ್ತಿ ಕರೋಲಿನ್ ಉಂಗರ್ ಅವನನ್ನು ಹಿಡಿದು ಸಭೆಯ ಕಡೆ ತಿರುಗಿಸಿದಳು. ಆಗ ಅವನು ಚಪ್ಪಾಳೆಯನ್ನು ನೋಡಿದ. ಕೇಳದೆ ಅಷ್ಟು ದೊಡ್ಡ ಕೃತಿಯನ್ನು ಬರೆದದ್ದು ಹೇಗೆ ಅಂತ ಎಲ್ಲರೂ ಬೆರಗಾಗುತ್ತಾರೆ. ಸದ್ದು ಹೊರಗಿನದು, ಅದು ಹೋಯಿತು. ಸ್ವರಗಳ ನಡುವಿನ ದೂರ ಒಳಗಿತ್ತು, ಅದು ಹೋಗಲಿಲ್ಲ. ನನಗೆ ಅರ್ಥವಾಗಿರುವುದು ಹೀಗೆ.

ಕೊನೆಗೆ ಇಬ್ಬರು ಪ್ರಶ್ನೆ ಕೇಳಿದರು. ಅದನ್ನೂ ಸೇರಿಸುತ್ತೇನೆ.

ಕಾಲೇಜು ಹುಡುಗಿಯೊಬ್ಬಳು ಕೇಳಿದಳು: "ಸರ್, ಸ ಇಲ್ಲದೇನೇ ಸಂಗೀತ ಮಾಡೋಕೆ ಆಗಲ್ವಾ?"

ಮಾಡಿ ನೋಡಿದ್ದಾರಮ್ಮ. 1920ರ ದಶಕದಲ್ಲಿ ಆರ್ನಾಲ್ಡ್ ಶೋನ್‌ಬರ್ಗ್ ಅನ್ನುವವರು 12 ಸ್ವರಗಳಿಗೂ ಸಮಾನ ಸ್ಥಾನ ಕೊಡುವ ಪದ್ಧತಿ ಕಟ್ಟಿದರು. ಹನ್ನೆರಡನ್ನೂ ಒಂದು ಸಾಲಿನಲ್ಲಿ ಜೋಡಿಸಿ, ಸಾಲು ಮುಗಿಯುವ ತನಕ ಯಾವುದೂ ತಿರುಗಿ ಬರದ ಹಾಗೆ ನೋಡಿಕೊಂಡರು. ಯಾವುದೂ ಸ ಆಗಬಾರದು ಅಂತ. ನಾನು ಅದನ್ನು ಶ್ರದ್ಧೆಯಿಂದ ಕೇಳಿದ್ದೇನೆ. ಹತ್ತು ನಿಮಿಷದಲ್ಲಿ ನನ್ನ ಕಿವಿ ತಾನಾಗಿ ಅಲ್ಲೂ ಒಂದು ಸ ಹುಡುಕಲು ಶುರು ಮಾಡುತ್ತದೆ. ನೀನೂ ಕೇಳಿ ನೋಡು. ನಿನ್ನ ಕಿವಿ ಬೇರೆ ಏನಾದರೂ ಹೇಳಬಹುದು.

ವಯಸ್ಸಾದ ಒಬ್ಬರು ಎದ್ದು ನಿಂತು ಕೇಳಿದರು: "ನನಗೆ ಈಗ ಅರವತ್ತೆಂಟು. ಶ್ರುತಿ ಹಿಡಿಯೋಕೇ ಬರಲ್ಲ. ತಂಬೂರಿನೂ ಇಲ್ಲ. ಎಲ್ಲಿಂದ ಶುರು ಮಾಡ್ಲಿ?"

ಮನೆಯಲ್ಲಿ ಫ್ರಿಜ್ ಇದೆಯಲ್ವಾ ಯಜಮಾನರೇ? ರಾತ್ರಿ ಎಲ್ಲ ಸದ್ದೂ ಅಡಗಿದ ಮೇಲೆ ಅದರ ಪಕ್ಕ ನಿಂತುಕೊಳ್ಳಿ. ಗುಂಯ್ ಅಂತ ಒಂದೇ ಸಮನೆ ಸದ್ದು ಬರುತ್ತಿರುತ್ತದೆ. ಬಾಯಿ ಮುಚ್ಚಿಕೊಂಡು ಮೆಲ್ಲಗೆ ಅದರ ಜೊತೆ ಗುನುಗಿ. ಮೊದಲು ಸದ್ದು ತೂಗಾಡುತ್ತದೆ. ನಿಮ್ಮ ದನಿಯನ್ನು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಮಾಡಿ. ಒಂದು ಕಡೆ ತೂಗಾಟ ನಿಂತು ಎರಡೂ ಕೂಡಿಕೊಳ್ಳುತ್ತವೆ. ಅದು ನಿಮ್ಮ ಸ. ಸ್ವಲ್ಪ ಹೊತ್ತಿಗೆ ಫ್ರಿಜ್ ತಾನೇ ನಿಂತು ಹೋಗುತ್ತದೆ. ನೀವು ನಿಲ್ಲಿಸಬೇಡಿ, ಹಾಗೇ ಹಿಡಿದುಕೊಂಡಿರಿ. ದಣಿವಾದರೆ ದನಿ ಬಿಟ್ಟು ಮನಸ್ಸಿನಲ್ಲೇ ಹಿಡಿದುಕೊಳ್ಳಿ. ಅದು ಮತ್ತೆ ಶುರುವಾದಾಗ ಬಾಯಿ ತೆರೆದು ನೋಡಿ, ಎಲ್ಲಿ ಬಿಟ್ಟಿದ್ದಿರೋ ಅಲ್ಲೇ ಇದ್ದೀರಾ ಅಂತ.